ರೋಣ ಕಡೆ ಹಳೇ ಮನಿ, ಮುತ್ಯಾನ ಅಪ್ಪನ ಹೆಸರು ಎಲ್ಲಿ ಸಿಗತೈತಿ?

ನಮಸ್ಕಾರ್ರಿ, ನಮ್ಮ ಹಳ್ಳಿ ಮನಿ ಮಣ್ಣಿನ ಮಾಳಗಿ, ಪಡಸಾಲಿ ತೊಲಿ ಮ್ಯಾಲೆ "ಶಕೆ 1812 ವಿಕೃತಿ" (ವಿಕೃತಿ ಅಂದ್ರ ಸಂವತ್ಸರದ ಹೆಸರು) ಅಂತ ಕೆತ್ಯಾರ, ಕಟ್ಟಿಸಿದವ್ರ ಹೆಸರಿಲ್ಲ. ಮುತ್ಯಾನ ಹಿಂದಿನ ತಲೆ ಯಾರಿಗೂ ಗೊತ್ತಿಲ್ಲ. ಆನ್‌ಲೈನ್ ಪಹಣಿ ನೋಡಿದೆ, ಅದರಾಗ ಬರೇ ಕಾಕಾಗೋಳ ಹೆಸರ ಅದಾವ. ಎಲ್ಲಿಂದ ಶುರು ಮಾಡ್ಲಿ?

ಗದಗಿನವ: ಶಕೆಗೆ 78 ಕೂಡಿಸ್ರಿ, 1890 ಬರತೈತಿ. ಆನ್‌ಲೈನ್‌ನಾಗ ಹಳೇದು ಎಲ್ಲಾ ಸಿಗೂದಿಲ್ಲ, ತಹಶೀಲ್ದಾರ್ ಆಫೀಸಿನ ರೆಕಾರ್ಡ್ ರೂಮಿನ್ಯಾಗ ಸರ್ವೆ ನಂಬರ್ ಕೊಟ್ಟು ಕೈಬರಹದ ಉತಾರ (ಹಳೇ ಪಹಣಿ), ವಾರಸಾ ನೋಂದಣಿ ನಕಲು ಕೇಳ್ರಿ, ಅಪ್ಪ ಸತ್ತ ಮ್ಯಾಲೆ ಮಕ್ಕಳ ಹೆಸರು ಏರಿಸಿದ್ದು ಅದರಾಗ ಇರತೈತಿ, ಒಂದು ತಲೆ ಹಿಡಿದ್ರ ಹಿಂದಿಂದು ತಾನ ಬಿಚ್ಚಕೋತ ಹೋಗತೈತಿ. ಹೆಸರಿಗಿಂತ ಸರ್ವೆ ನಂಬರ್ ನಂಬ್ರಿ, ಒಂದ ಊರಾಗ ನಾಕ ಮಂದಿ ಬಸಪ್ಪ ಇರತಾರ.

ಧಾರವಾಡ ಅಕ್ಕ: ಆಗ ನಮ್ಮ ಕಡೆ ಮುಂಬೈ ಪ್ರಾಂತ್ಯ ಅಲ್ಲೇನ್ರಿ, ಹಳೇ ಕಾಗದ ಮರಾಠಿ, ಮೋಡಿ ಲಿಪಿಯೊಳಗ (ಮರಾಠಿ ಬರಿಯೂ ಹಳೇ ಕೂಡಬರಹ) ಇದ್ರ ಗಾಬರಿ ಆಗಬ್ಯಾಡ್ರಿ, ಓದೋರು ಇನ್ನೂ ಅದಾರ. ಮತ್ತ ಗದಗ ಜಿಲ್ಲಾ ಆಗಿದ್ದು 1997ರಾಗ, ಅದಕ್ಕೂ ಮೊದಲ ರೋಣ ಧಾರವಾಡ ಜಿಲ್ಲಾದಾಗ ಇತ್ತು, ಅದಕ್ಕ ಧಾರವಾಡದಾಗೂ ವಿಚಾರಿಸ್ರಿ.

ಹಾವೇರಿ ಕಾಕಾ: ಅಲ್ಲೋ ತಮ್ಮಾ, ಹೆಳವರನ್ನ ಬಿಟ್ರಲ್ಲ! ಸುಗ್ಗಿ ಮುಗದ ಮ್ಯಾಲೆ ಎತ್ತು ಕಟಗೊಂಡು ಬಂದು ವಂಶ ಹೇಳಿ ಕಾಳು ಇಸ್ಕೊಂಡ ಹೋಗತಾರ, ಅವ್ರ ಪುಸ್ತಕದಾಗ ಮೂಲ ಊರು, ಬೆಡಗು (ಕುಲದ ಒಳಪಂಗಡ) ಎಲ್ಲಾ ಇರತೈತಿ. ಹೆಣ್ಣಮಕ್ಕಳ ಹೆಸರು ಮಾತ್ರ ಕಡಿಮಿ, ಅದನ್ನ ನಿಮ್ಮ ಆಯಿಗೇ ಕೇಳಬೇಕು.

ಕೇಳಿದವ: ಆಯಿಗೆ ಫೋನ್ ಮಾಡಿದೆ, ನಮ್ಮನಿ ಹೆಳವ ಈ ವರ್ಷ ಇನ್ನೂ ಬಂದಿಲ್ಲಂತ. ಸೋಮವಾರ ರೆಕಾರ್ಡ್ ರೂಮಿಗೆ ಹೊಂಟೇನಿ.