ಜಗಲಿಗೆ ಯಾವ ಟಿವಿ? ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಓಎಲ್‌ಇಡಿ: ತಲೆ ಕೆಟ್ಟಿದೆ

ಸಾಗರದ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಬೆಂಗಳೂರು, ಅಪ್ಪ ಅಮ್ಮ ಇರುವುದು ಸಾಗರದ ಹತ್ತಿರ ಹಳ್ಳಿಯಲ್ಲಿ. ಊರಿನ 40 ಇಂಚಿನ ಟಿವಿ ಮೊನ್ನೆ ಕೈಕೊಟ್ಟಿತು. ಸೌಂಡ್ ಬರುತ್ತದೆ, ಚಿತ್ರ ಇಲ್ಲ. ಏಳು ವರ್ಷ ದುಡಿದಿದೆ, ಹೊಸದೇ ತರೋಣ ಅಂತಿದ್ದೇನೆ. 55 ಇಂಚು, 65 ಸಾವಿರದ ಒಳಗೆ. ತೀರಾ ಇಷ್ಟವಾದರೆ ಇನ್ನೂ ಸ್ವಲ್ಪ ಹಾಕಬಹುದು. ಟಿವಿ ಇರುವುದು ಜಗಲಿಯಲ್ಲಿ. ಎದುರಿಗೇ ಅಂಗಳ. ಮೂರು ಗಂಟೆ ಮೇಲೆ ಬಿಸಿಲು ನೇರ ಒಳಗೆ ಬರುತ್ತದೆ. ಅಪ್ಪ ಬೆಳಿಗ್ಗೆಯಿಂದ ಒಂದೇ ನ್ಯೂಸ್ ಚಾನೆಲ್. ಅಮ್ಮ ಸಂಜೆಯಿಂದ ರಾತ್ರಿ ಹತ್ತರ ತನಕ ಸೀರಿಯಲ್. ನಾನು ಹೋದಾಗ ಒಂದು ಸಿನಿಮಾ. ಅಂಗಡಿಯವರು ಕ್ಯೂಎಲ್‌ಇಡಿ ಅನ್ನುತ್ತಾರೆ. ಗೆಳೆಯ ಓಎಲ್‌ಇಡಿ ಬಿಟ್ಟು ಬೇರೇನೂ ಮುಟ್ಟಬೇಡ ಅನ್ನುತ್ತಾನೆ. ನೀವೇನಂತೀರಿ?

ಕತ್ತಲೆ ಪ್ರಿಯ:
ಗೆಳೆಯ ಹೇಳಿದ್ದೇ ಸರಿ. ಸ್ವಲ್ಪ ಜಾಸ್ತಿ ಆದರೂ ಓಎಲ್‌ಇಡಿ ತಗೊಳ್ಳಿ. ಅದರಲ್ಲಿ ಒಂದೊಂದು ಪಿಕ್ಸೆಲ್ಲೂ, ಅಂದರೆ ಚಿತ್ರದ ಒಂದೊಂದು ಚುಕ್ಕೆಯೂ, ತಾನೇ ಉರಿಯುತ್ತದೆ, ತಾನೇ ಆರುತ್ತದೆ. ಕಪ್ಪು ಅಂದರೆ ಅಲ್ಲಿ ದೀಪವೇ ಇಲ್ಲ. ಮಿಕ್ಕಿದ್ದೆಲ್ಲ ಏನು? ಹಿಂದೆ ದೀಪ, ಮುಂದೆ ಪರದೆ. ಎಷ್ಟು ಮುಚ್ಚಿದರೂ ಬೆಳಕು ಸೋರುತ್ತದೆ. ರಾತ್ರಿ ಕಾಡಿನ ದೃಶ್ಯ ಬಂದರೆ ಕಪ್ಪಿನ ಬದಲು ಬೂದಿ ಕಾಣುತ್ತದೆ. 2013ರ ಕೊನೆಗೆ ಪ್ಯಾನಸೋನಿಕ್ ಪ್ಲಾಸ್ಮಾ ಟಿವಿ (ಕಪ್ಪು ಚೆನ್ನಾಗಿ ತೋರಿಸುತ್ತಿದ್ದ ಹಳೇ ಬಗೆ) ತಯಾರಿಕೆ ನಿಲ್ಲಿಸಿದಾಗ ನಿಜವಾಗಿ ಬೇಜಾರು ಮಾಡಿಕೊಂಡವನು ನಾನು. ಆಮೇಲೆ ಸಮಾಧಾನ ಸಿಕ್ಕಿದ್ದು ಓಎಲ್‌ಇಡಿಯಿಂದಲೇ.

ಸೀರಿಯಲ್ ಸೊಸೆ:
ಒಂದು ನಿಮಿಷ. ನಮ್ಮ ಮನೆಯಲ್ಲಿ ಓಎಲ್‌ಇಡಿ ಇದೆ, ಮೂರು ವರ್ಷ ಆಯಿತು. ನಮ್ಮ ಮಾವನವರೂ ಇವರ ಅಪ್ಪನ ಹಾಗೇ, ದಿನಕ್ಕೆ ಎಂಟು ಗಂಟೆ ಒಂದೇ ನ್ಯೂಸ್ ಚಾನೆಲ್. ಈಗ ಕ್ರಿಕೆಟ್ ಹಾಕಿದರೆ ಹಸಿರು ಹುಲ್ಲಿನ ಮೇಲೆ ಬಲ ಮೂಲೆಯಲ್ಲಿ ಆ ಚಾನೆಲ್ಲಿನ ಲೋಗೋ ನೆರಳಿನ ಹಾಗೆ ನಿಂತಿರುತ್ತದೆ. ಕೆಳಗೆ ಬ್ರೇಕಿಂಗ್ ನ್ಯೂಸ್ ಪಟ್ಟಿಯ ಗೆರೆ. ಬೌಲರ್ ಓಡಿ ಬಂದು ಆ ಗೆರೆ ದಾಟಿ ಬಾಲ್ ಹಾಕುತ್ತಾನೆ! ಕಂಪನಿಯವರನ್ನು ಕೇಳಿದರೆ ಇದು ವಾರಂಟಿಗೆ ಬರಲ್ಲ ಅಂದರು.

ಕತ್ತಲೆ ಪ್ರಿಯ:
ಮೇಡಂ, ತಪ್ಪು ತಿಳಿಯಬೇಡಿ. ರಾತ್ರಿ ಟಿವಿ ಆರಿಸಿದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸುತ್ತೀರಾ?

ಸೀರಿಯಲ್ ಸೊಸೆ:
ಹೌದು, ಮತ್ತೆ? ಸುಮ್ನೆ ಕರೆಂಟ್ ಯಾಕೆ ಉರಿಯಬೇಕು?

ಕತ್ತಲೆ ಪ್ರಿಯ:
ಅಲ್ಲೇ ಎಡವಟ್ಟು. ರಿಮೋಟಿನಲ್ಲಿ ಆರಿಸಿದ ಮೇಲೆ ಓಎಲ್‌ಇಡಿ ತನ್ನ ಪಿಕ್ಸೆಲ್‌ಗಳನ್ನು ತಾನೇ ಅಳೆದು ಸರಿಮಾಡಿಕೊಳ್ಳುತ್ತದೆ. ಅದಕ್ಕೆ ಸ್ಟ್ಯಾಂಡ್‌ಬೈ ಕರೆಂಟ್ ಬೇಕು. ನೀವು ಅದಕ್ಕೆ ಅವಕಾಶವನ್ನೇ ಕೊಟ್ಟಿಲ್ಲ.

ಬೆಸುಗೆ ಭಟ್ಟ:
25 ವರ್ಷದಿಂದ ಟಿವಿ ಬಿಚ್ಚುತ್ತಿದ್ದೇನೆ, ಹಾಸನದಲ್ಲಿ. ಕತ್ತಲೆ ಪ್ರಿಯರು ಹೇಳಿದ ಸ್ಟ್ಯಾಂಡ್‌ಬೈ ಮಾತು ಸರಿ. ಆದರೆ ಸ್ವಾಮಿ, ಕೇಳಿದವರ ಮನೆ ಇರುವುದು ಮಲೆನಾಡಿನಲ್ಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದರೆ ಅಲ್ಲಿ ಮೊದಲು ಮಾಡುವ ಕೆಲಸವೇ ಪ್ಲಗ್ ಕೀಳುವುದು. ಡಿಶ್ಶಿನ ವೈರನ್ನೂ ಕೀಳುತ್ತಾರೆ. ಕೀಳದಿದ್ದರೆ ಬೋರ್ಡು ನನ್ನ ಮೇಜಿಗೆ ಬರುತ್ತದೆ. ಪ್ಲಗ್ ಕಿತ್ತರೆ ಪರದೆಗೆ ಕಷ್ಟ, ಬಿಟ್ಟರೆ ಸಿಡಿಲಿಗೆ ಬಲಿ. ಇಡೀ ದಿನ ನ್ಯೂಸ್ ನೋಡುವವರಿಗೆ ಓಎಲ್‌ಇಡಿ ಬೇಡ ಅನ್ನುವುದು ನನ್ನ ಮಾತು.

ಇನ್ನು ಹೆಸರಿನ ಗೊಂದಲ. ಅಂಗಡಿಯಲ್ಲಿ ಎಲ್‌ಇಡಿ ಟಿವಿ ಅಂತ ಮಾರುವುದು ಎಲ್‌ಸಿಡಿಯೇ, ಅದೇ ಹಿಂದೆ ದೀಪ ಮುಂದೆ ಪರದೆ ಇರುವ ಜಾತಿ. ಮೊದಲು ಹಿಂದುಗಡೆ ಸಣ್ಣ ಟ್ಯೂಬ್‌ಲೈಟ್ ಇತ್ತು, ಈಗ ಎಲ್‌ಇಡಿ ಬಂದಿದೆ, ಅಷ್ಟೇ. ಕ್ಯೂಎಲ್‌ಇಡಿಯೂ ಎಲ್‌ಸಿಡಿಯೇ. ಸ್ಯಾಮ್‌ಸಂಗ್ 2017ರಲ್ಲಿ ತಂದ ಹೆಸರು ಅದು, ಆಮೇಲೆ ಬೇರೆಯವರೂ ಹಾಕಿಕೊಂಡರು. ನೀಲಿ ದೀಪದ ಮುಂದೆ ಕ್ವಾಂಟಂ ಡಾಟ್ ಅನ್ನುವ ಅತಿ ಸಣ್ಣ ಬಿಂದುಗಳಿರುವ ಒಂದು ಹಾಳೆ. ಆ ಬಿಂದುಗಳು ನೀಲಿಯನ್ನು ನುಂಗಿ ಅಚ್ಚ ಕೆಂಪು, ಅಚ್ಚ ಹಸಿರು ಉಗುಳುತ್ತವೆ. ಬಣ್ಣ ಚೆನ್ನಾಗಿ ಬರುತ್ತದೆ, ಸುಳ್ಳಲ್ಲ. 2023ರ ರಸಾಯನಶಾಸ್ತ್ರದ ನೊಬೆಲ್ ಈ ಬಿಂದುಗಳಿಗೇ ಹೋಯಿತು. ಆದರೆ ಕಪ್ಪು ಸುಧಾರಿಸುವುದಿಲ್ಲ. ಅದು ಸುಧಾರಿಸಬೇಕಾದರೆ ಹಿಂದಿನ ದೀಪಗಳನ್ನು ಗುಂಪು ಗುಂಪಾಗಿ ಆರಿಸಬೇಕು. ಮಿನಿ ಎಲ್‌ಇಡಿ ಮಾಡುವುದು ಅದನ್ನೇ. ದೀಪ ಸಣ್ಣದು, ಗುಂಪು ಜಾಸ್ತಿ. ಆ ಗುಂಪಿಗೆ ಝೋನ್ ಅನ್ನುತ್ತಾರೆ. ಎಷ್ಟು ಝೋನ್ ಅಂತ ಅಂಗಡಿಯವನನ್ನು ಕೇಳಿ. ಉತ್ತರ ಬರದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ.

ಕತ್ತಲೆ ಪ್ರಿಯ:
ಎಷ್ಟು ಝೋನ್ ಇದ್ದರೂ ಕಪ್ಪು ಆಕಾಶದಲ್ಲಿ ಚಂದ್ರ ಬಂದರೆ ಸುತ್ತ ಮಂಜಿನ ಹಾಗೆ ಬೆಳಕು ಹರಡುತ್ತದೆ. ಓಎಲ್‌ಇಡಿಯಲ್ಲಿ ಚಂದ್ರ ಚಂದ್ರನ ಹಾಗೇ ಇರುತ್ತಾನೆ.

ಬೆಸುಗೆ ಭಟ್ಟ:
ಮಧ್ಯಾಹ್ನ ಮೂರು ಗಂಟೆಗೆ ಆ ಜಗಲಿಯಲ್ಲಿ ಕೂತು ಯಾವ ಚಂದ್ರನನ್ನು ನೋಡುತ್ತೀರಿ?

ಕರಾವಳಿ ಕೂಸು:
😄😄 ಭಟ್ರೇ! ನಮ್ಮ ಕಡೆ ಇದು ಯಾವುದೂ ದೊಡ್ಡ ಪ್ರಶ್ನೆಯಲ್ಲ. ಹಲ್ಲಿ ಒಳಗೆ ಹೋಗಿ ಬೋರ್ಡಿನ ಮೇಲೆ ಸತ್ತರೆ ಓಎಲ್‌ಇಡಿಯೂ ಒಂದೇ, ಎಲ್‌ಇಡಿಯೂ ಒಂದೇ. ಮಳೆಗಾಲದಲ್ಲಿ ಟಿವಿಯನ್ನು ದಿನಾ ಸ್ವಲ್ಪ ಹೊತ್ತು ಹಚ್ಚಿಡಿ, ಒಳಗಿನ ತೇವ ಆರುತ್ತದೆ.

ಇನ್ನೊಂದು ಮಾತು. ಬಿಸಿಲು ನೇರ ಬರುವಲ್ಲಿ ಪರದೆ ಕನ್ನಡಿಯ ಹಾಗೆ ಹೊಳೆಯಬಾರದು. ನಮ್ಮ ಟಿವಿಯಲ್ಲಿ ಹಗಲು ಹೊತ್ತು ವಾರ್ತೆ ಓದುವವರಿಗಿಂತ ನಮ್ಮ ತೆಂಗಿನ ಮರವೇ ಚೆನ್ನಾಗಿ ಕಾಣುತ್ತದೆ.

ಲೆಕ್ಕದ ಮೇಷ್ಟ್ರು:
ಯಾರೂ ಚಾನೆಲ್ಲಿನ ಮಾತೇ ಎತ್ತಲಿಲ್ಲ. ಊರಿನಲ್ಲಿ ಡಿಶ್ ತಾನೇ? ಮಾಮೂಲಿ ಎಸ್‌ಡಿ ಪ್ಯಾಕ್ ಇರಬೇಕು. ಲೆಕ್ಕ ಹಾಕಿ. ಎಸ್‌ಡಿ ಚಿತ್ರ ಅಂದರೆ ಹೆಚ್ಚೆಂದರೆ 720 ಅಡ್ಡ, 576 ಉದ್ದ, ಸುಮಾರು 4.15 ಲಕ್ಷ ಚುಕ್ಕೆ. 4ಕೆ ಪರದೆ 3840 ಅಡ್ಡ, 2160 ಉದ್ದ, ಸುಮಾರು 83 ಲಕ್ಷ ಚುಕ್ಕೆ. ಅಂದರೆ ಒಂದು ಚುಕ್ಕೆ ಬಂದರೆ ಟಿವಿ 20 ತುಂಬಬೇಕು. 19 ಅದರ ಊಹೆ! 40 ಇಂಚಿನಲ್ಲಿ ಚೆನ್ನಾಗಿದ್ದ ಸೀರಿಯಲ್ಲು 55ರಲ್ಲಿ ನೀರಿನಲ್ಲಿ ಅದ್ದಿದ ಹಾಗೆ ಕಾಣುತ್ತದೆ. ಮೊದಲು ಅಮ್ಮ ನೋಡುವ ಚಾನೆಲ್ ಎಚ್‌ಡಿ ಮಾಡಿಸಿ. ಅದು ಪರದೆಯ ಹೆಸರಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಬೆಲೆಯ ವಿಷಯ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಯ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹಳೆಯ ಬೆಲೆ ತೋರಿಸಿ ಡಿಸ್ಕೌಂಟ್ ಅನ್ನುವವರ ಮುಂದೆ ಇದು ನೆನಪಿರಲಿ.

ಸಾಗರದ ಹುಡುಗ:
ಮೇಷ್ಟ್ರೇ, ಹೌದು, ಎಸ್‌ಡಿ ಪ್ಯಾಕೇ. ಇನ್ನೊಂದು ಮರೆತೆ. ಅಮ್ಮ ಎದುರು ಕೂತು ನೋಡುವುದು ಕಡಿಮೆ. ಅಡಿಗೆಮನೆ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಾ ಪಕ್ಕದಿಂದ ನೋಡುತ್ತಾರೆ.

ಬೆಸುಗೆ ಭಟ್ಟ:
ಇದನ್ನು ಮೊದಲೇ ಹೇಳಬಾರದಿತ್ತಾ? ಎಲ್‌ಸಿಡಿಯಲ್ಲಿ ಎರಡು ಜಾತಿ. ವಿಎ ಪ್ಯಾನೆಲ್, ಐಪಿಎಸ್ ಪ್ಯಾನೆಲ್. ವಿಎಯಲ್ಲಿ ಕಪ್ಪು ಗಾಢ, ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಅಂತರ) 3000ಕ್ಕೆ ಒಂದು, ಕೆಲವದರಲ್ಲಿ ಇನ್ನೂ ಮೇಲೆ. ಐಪಿಎಸ್‌ನಲ್ಲಿ ಸಾವಿರದ ಆಸುಪಾಸು. ಆದರೆ ವಿಎಯನ್ನು ಪಕ್ಕದಿಂದ ನೋಡಿದರೆ ಬಣ್ಣ ಬಿಳುಚಿಕೊಳ್ಳುತ್ತದೆ. ನಾಯಕಿಯ ಕೆಂಪು ಸೀರೆ ಅಮ್ಮನಿಗೆ ಗುಲಾಬಿ ಕಾಣುತ್ತದೆ. ಐಪಿಎಸ್ ಪಕ್ಕದಿಂದಲೂ ಸರಿಯಾಗಿ ಕಾಣುತ್ತದೆ. ಬಾಕ್ಸಿನ ಮೇಲೆ ಇದನ್ನು ಬರೆಯುವುದಿಲ್ಲ. ಅಂಗಡಿಯಲ್ಲಿ ಟಿವಿಯ ಮುಂದೆ ನಿಲ್ಲಬೇಡಿ, ಗೋಡೆಗೆ ಒರಗಿ ಓರೆಯಿಂದ ನೋಡಿ. ಮುಖದ ಬಣ್ಣ ಹಾರಿದರೆ ವಿಎ.

ಕತ್ತಲೆ ಪ್ರಿಯ:
ಓಎಲ್‌ಇಡಿಯಲ್ಲಿ ಪಕ್ಕದ ಸಮಸ್ಯೆಯೇ ಇಲ್ಲ. ಸುಮ್ನೆ ಹೇಳಿದೆ.

ಬೆಸುಗೆ ಭಟ್ಟ:
ಒಪ್ಪಿದೆ. ಸಾಗರದವರೇ, ನಿಮ್ಮ ಮೊದಲ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಸೌಂಡ್ ಇದೆ, ಚಿತ್ರ ಇಲ್ಲ ಅಂದಿರಿ. ರಾತ್ರಿ ಲೈಟ್ ಆರಿಸಿ, ಟಿವಿ ಹಾಕಿ, ಪರದೆಗೆ ತೀರಾ ಹತ್ತಿರ ಟಾರ್ಚ್ ಹಿಡಿದು ಓರೆಯಾಗಿ ನೋಡಲು ಹೇಳಿ. ಆಮೇಲೆ ಹೊಸ ಟಿವಿ ಮಾತಾಡೋಣ.

ಸಾಗರದ ಹುಡುಗ:
ಈಗಷ್ಟೇ ಫೋನ್ ಇಟ್ಟೆ. ಅಪ್ಪ ಟಾರ್ಚ್ ಹಿಡಿದರು, ಅಮ್ಮ ಬಗ್ಗಿ ನೋಡಿದರು. ಒಂದು ನಿಮಿಷ ಮಾತೇ ಇಲ್ಲ. ಆಮೇಲೆ ಅಮ್ಮ ಕೂಗಿದ್ದು, "ಇದ್ದಾಳೆ ಮಾರಾಯ, ಕಾಣ್ತಾಳೆ! ಮಸುಕು ಮಸುಕಾಗಿ ಅಳ್ತಾ ಕೂತಿದ್ದಾಳೆ!" ಹತ್ತು ದಿನದಿಂದ ಸೀರಿಯಲ್ಲನ್ನು ರೇಡಿಯೋ ಥರ ಕೇಳುತ್ತಿದ್ದರಂತೆ. ಟಾರ್ಚ್ ಕೆಳಗಿಡಲು ಬಿಡಲಿಲ್ಲ.

ಬೆಸುಗೆ ಭಟ್ಟ:
ಹಾಗಾದರೆ ಪ್ಯಾನೆಲ್ ಸರಿ ಇದೆ. ಹಿಂದಿನ ದೀಪ ಹೋಗಿದೆ, ಅಷ್ಟೇ. ಒಂದು ಪಟ್ಟಿಯಲ್ಲಿ ಎಲ್‌ಇಡಿಗಳು ಹಳೇ ಕಾಲದ ಸೀರಿಯಲ್ ಸೆಟ್ ದೀಪಮಾಲೆಯ ಹಾಗೆ ಒಂದರ ಹಿಂದೆ ಒಂದು ಕೂತಿರುತ್ತವೆ. ಒಂದು ಸತ್ತರೆ ಸಾಲೇ ಆರುತ್ತದೆ. ದೀಪಗಳಿಗೆ ಕರೆಂಟ್ ಕೊಡುವ ಡ್ರೈವರ್ ಸರ್ಕ್ಯೂಟ್ ಅದನ್ನು ನೋಡಿ ಎಲ್ಲವನ್ನೂ ಆರಿಸಿಬಿಡುತ್ತದೆ. ಸತ್ತ ಒಂದನ್ನೇ ಬದಲಿಸಿದರೆ ಆರು ತಿಂಗಳಿಗೆ ಮುಂದಿನದು ಹೋಗುತ್ತದೆ. ಅಷ್ಟೂ ಪಟ್ಟಿ ಹೊಸದು ಹಾಕಿಸಿ. ಸಾಮಾನು, ಮಜೂರಿ ಸೇರಿ ನಾನಾದರೆ ಎರಡು ಸಾವಿರದ ಆಸುಪಾಸು ತಗೊಳ್ಳುತ್ತೇನೆ. ಪ್ಯಾನೆಲ್ ಎತ್ತುವಾಗ ಎರಡೂ ಕಡೆ ಹಿಡಿಯುವ, ಕೈ ನಡುಗದ ಮನುಷ್ಯನನ್ನು ಹುಡುಕಿ. ಗಾಜು ಒಂದು ಸಲ ಬಾಗಿದರೆ ಕಥೆ ಮುಗಿಯಿತು.

ಹೊಸ ಪಟ್ಟಿ ಹಾಕಿದ ಮೇಲೆ ಸೆಟ್ಟಿಂಗಿನಲ್ಲಿ ಬ್ಯಾಕ್‌ಲೈಟನ್ನು 100ರಿಂದ 70ಕ್ಕೆ ಇಳಿಸಿ. ದೀಪ ಸಾಯುವುದು ಬಿಸಿಗೆ.

ಕತ್ತಲೆ ಪ್ರಿಯ:
ಏಳು ವರ್ಷದ ಟಿವಿಗೆ ಮತ್ತೆ ದುಡ್ಡು ಹಾಕೋದಾ? ಅದರೊಳಗಿನ ಸ್ಮಾರ್ಟ್ ಈಗ ಪೂರಾ ದಡ್ಡ ಆಗಿರುತ್ತದೆ.

ಲೆಕ್ಕದ ಮೇಷ್ಟ್ರು:
ಅಪ್ಪ ಅಮ್ಮ ನೋಡುವುದು ಡಿಶ್. ಸ್ಮಾರ್ಟ್ ಬೇಕಾದದ್ದು ಮಗನಿಗೆ, ವರ್ಷಕ್ಕೆ ಆರು ದಿನ. ಅದಕ್ಕೆ ಟಿವಿಯ ಹಿಂದೆ ಚುಚ್ಚುವ ಸ್ಟ್ರೀಮಿಂಗ್ ಸ್ಟಿಕ್ ಸಾಕು.

ಸಾಗರದ ಹುಡುಗ:
(ಎರಡು ವಾರದ ಮೇಲೆ) ಪೇಟೆಯವರೊಬ್ಬರು ಪಟ್ಟಿ ಬದಲಿಸಿ ಕೊಟ್ಟರು, 1,900 ರೂಪಾಯಿ. ಚಿತ್ರ ಮೊದಲಿಗಿಂತ ಬೆಳ್ಳಗಿದೆ. ಅಪ್ಪ ಹೊಸ ಟಿವಿ ಬೇಡವೇ ಬೇಡ ಅಂದರು. ಆದರೆ ಈಗ ಬೇರೆ ಕಥೆ. ಹೊಸ ಟಿವಿಗೆ ಎತ್ತಿಟ್ಟ ದುಡ್ಡು ಇದೆ ಅಂತ ಅಮ್ಮನಿಗೆ ಗೊತ್ತಾಗಿದೆ. ಏಳು ಗಂಟೆ ಆದರೂ ಅಪ್ಪ ರಿಮೋಟ್ ಬಿಡುವುದಿಲ್ಲ, ನನಗೇ ಒಂದು ಬೇಕು ಅನ್ನುತ್ತಿದ್ದಾರೆ. ಅಡಿಗೆಮನೆ ಪಕ್ಕದ ಕೋಣೆಗೆ. ಬಿಸಿಲಿಲ್ಲ, ಒಂದು ಸಣ್ಣ ಕಿಟಕಿ. 43 ಇಂಚು. ಯಾವುದು?

ಸೀರಿಯಲ್ ಸೊಸೆ:
ಅಮ್ಮನ ಕಡೆ ನಾನು. ಆ ಚಾನೆಲ್ ಎಚ್‌ಡಿ ಮಾಡಿಸಿ, ಎರಡನೇ ಸೆಟ್‌ಟಾಪ್ ಬಾಕ್ಸ್ ಹಾಕಿಸಿ. ರಿಮೋಟ್ ಅವರ ಕೈಯಲ್ಲೇ ಇರಲಿ.

ಬೆಸುಗೆ ಭಟ್ಟ:
ಸಾದಾ 4ಕೆ ಎಲ್‌ಇಡಿ, ಐಪಿಎಸ್ ಪ್ಯಾನೆಲ್. 30 ಸಾವಿರದ ಮೇಲೆ ಹೋಗಬೇಡಿ. ಕ್ಯೂ ಅಕ್ಷರಕ್ಕೆ ಜಾಸ್ತಿ ಕೊಡಬೇಡಿ. ಅಂಗಡಿಯಲ್ಲಿ ಬಣ್ಣ ಎದ್ದು ಕಾಣಲಿ ಅಂತ ವಿವಿಡ್ ಮೋಡ್‌ನಲ್ಲಿ ಇಟ್ಟಿರುತ್ತಾರೆ. ಸ್ಟ್ಯಾಂಡರ್ಡ್‌ಗೆ ತರಿಸಿ ನೋಡಿ. ಮರೆಯದೆ, ಓರೆಯಿಂದ.

ಕತ್ತಲೆ ಪ್ರಿಯ:
ಬಿಸಿಲಿಲ್ಲದ ಕೋಣೆ, ಪಕ್ಕದಿಂದ ನೋಡುವ ಅಮ್ಮ, ನ್ಯೂಸ್ ಹಾಕುವ ಅಪ್ಪ ಅಲ್ಲಿಲ್ಲ. ಯಾರೂ ನನ್ನನ್ನು ಕೇಳುತ್ತಿಲ್ಲ, ಆದರೂ ಹೇಳುತ್ತೇನೆ: ಓಎಲ್‌ಇಡಿ 42 ಇಂಚಿನಲ್ಲೂ ಬರುತ್ತದೆ.