ಸಹಾಯ ಬೇಕು: ಮನೆ ಹುಬ್ಬಳ್ಳಿಯಲ್ಲಾ, ಧಾರವಾಡದಲ್ಲಾ?
ನಮಸ್ಕಾರ. ನಮ್ಮ ಯಜಮಾನರು ಸೈನ್ಯದಲ್ಲಿದ್ದಾರೆ. ಈಗ ಫೀಲ್ಡ್ ಪೋಸ್ಟಿಂಗ್ ಬಂದಿದೆ, ನಮ್ಮನ್ನು ಕರೆದುಕೊಂಡು ಹೋಗುವಂತಿಲ್ಲ. ಪಠಾಣ್‌ಕೋಟ್‌ನ ಕ್ವಾರ್ಟರ್ಸ್ ಬಿಟ್ಟು ನಾನು, ಮಕ್ಕಳು, ಅತ್ತೆ ಊರ ಕಡೆ ಬರುತ್ತಿದ್ದೇವೆ.

ಮಕ್ಕಳಿಗೆ ಕೇಂದ್ರೀಯ ವಿದ್ಯಾಲಯವೇ ಬೇಕು. ಮತ್ತೆ ವರ್ಗವಾದರೂ ಸಿಲಬಸ್ ಅದೇ ಇರುತ್ತದೆ ಅಲ್ವಾ. ಹುಬ್ಬಳ್ಳಿಯ ರಾಜನಗರದಲ್ಲಿ ಒಂದಿದೆ, ಧಾರವಾಡದಲ್ಲೂ ಇದೆ. ಅತ್ತೆಗೆ ಧಾರವಾಡದ ಮಾಳಮಡ್ಡಿ ಇಷ್ಟ. ನನಗೆ ಹುಬ್ಬಳ್ಳಿಯ ವಿದ್ಯಾನಗರ ಸರಿ ಅನಿಸುತ್ತದೆ. ಕಿಮ್ಸ್ ಆಸ್ಪತ್ರೆ ಅಲ್ಲೇ ಇದೆ, ಧಾರವಾಡಕ್ಕೆ ಹೋಗಲು ಚಿಗರಿ (ಬಿಆರ್‌ಟಿಎಸ್‌ನ ವೇಗದ ಬಸ್ಸು) ಕೂಡ ಸಿಗುತ್ತದೆ.

ನನ್ನ ದೊಡ್ಡ ಚಿಂತೆ ನೀರಿನದು. ಬೇಸಿಗೆಯಲ್ಲಿ ನಿಮ್ಮ ಓಣಿಗೆ ಎಷ್ಟು ದಿನಕ್ಕೊಮ್ಮೆ ನಲ್ಲಿ ನೀರು ಬರುತ್ತದೆ? ರಾತ್ರಿ ಬಂದರೆ ಕೊಡ ಹಿಡಿದು ನಾನೊಬ್ಬಳೇ ಏಳಬೇಕು. ಬೋರ್‌ವೆಲ್ ಇರುವ, ಮಾಲೀಕರು ಕೆಳಗೇ ಇರುವ ಮನೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬೇಸಿಗೆ ರಜೆ ಮುಗಿದು ಜೂನ್‌ನಲ್ಲಿ ಶಾಲೆ ಮತ್ತೆ ಶುರುವಾಗುವ ಮೊದಲೇ ಮನೆ ಸೇರಬೇಕು.