ಗೋಡೆ ತೊಳೆಯೋ ಪುಡಿ

ಶೀನಣ್ಣ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ. ತೀರ್ಥಹಳ್ಳಿಯಲ್ಲಿ ಆಷಾಢದ ಮಳೆ ಹಿಡಿದರೆ ಹೋಟೆಲಿನಲ್ಲಿ ಕೂತವರು ಏಳುವುದಿಲ್ಲ, ಆದ್ದರಿಂದ ಕೇಳುವವರಿಗೇನೂ ಬರವಿರಲಿಲ್ಲ.

"ಇದು ಸೆಲ್ ಲೆವೆಲ್ಲಿಗೆ ಹೋಗಿ ಕೆಲಸ ಮಾಡುತ್ತೆ ಮೇಷ್ಟ್ರೇ. ಒಂದೊಂದು ಜೀವಕೋಶದ ಗೋಡೆನೂ ತೊಳೆದು ಇಡುತ್ತಂತೆ."

ಈಗೀಗ ಎಲ್ಲವೂ ಸೆಲ್ ಲೆವೆಲ್ಲಿಗೇ ಹೋಗುತ್ತವೆ. ಹೊಟ್ಟೆಗೆ ಹೋಗುವ ಪದಾರ್ಥವೇ ಉಳಿದಿಲ್ಲ.

"ಎಷ್ಟು ಕೊಟ್ಟೆ?" ಅಂದ ಗುಂಡಣ್ಣ.

"ಎರಡು ಸಾವಿರದ ಎಂಟುನೂರು."

ಮೇಷ್ಟ್ರು ಕಾಫಿ ಕೆಳಗಿಟ್ಟರು. "ಶೀನಾ, ನಿನ್ನ ಜೀವಕೋಶಕ್ಕೆ ಗೋಡೆನೇ ಇಲ್ವಲ್ಲೋ. ಗೋಡೆ ಇರೋದು ನಿನ್ನ ಅಡಿಕೆ ಮರದ ಕೋಶಕ್ಕೆ."

"ಹಂಗಾದ್ರೆ ಮರದ ಬುಡಕ್ಕೇ ಹಾಕ್ಲಾ?"

"ಕೊಳೆರೋಗ ತರೋ ಫೈಟಾಫ್ತೊರಾಕ್ಕೂ ಗೋಡೆ ಇದೆ ಮಾರಾಯ. ಪುಡಿ ಮರದ್ದು ಬಿಟ್ಟು ಅದರ ಗೋಡೆ ತೊಳೆದು ಕೂತ್ರೆ? ಸುಮ್ನೆ ಬೋರ್ಡೋ ದ್ರಾವಣ ಹೊಡೆಸು."

"ಗೋಡೆ ಇಲ್ದೆ ನಾವು ನಿಂತಿರೋದು ಹೆಂಗೆ?"

"ಪೊರೆ ಇದೆ. ಒಂದು ಮಿಲಿಮೀಟರನ್ನ ಲಕ್ಷ ಪಾಲು ಮಾಡಿದ್ರೆ ಒಂದು ಪಾಲಿನಷ್ಟೂ ದಪ್ಪ ಇಲ್ಲ. ಅದರಲ್ಲಿ ಪ್ರೋಟೀನುಗಳು ತೇಲ್ತಾವೆ ಅಂತ 1972ರಲ್ಲಿ ಸಿಂಗರ್, ನಿಕಲ್ಸನ್ ಅನ್ನೋ ವಿಜ್ಞಾನಿಗಳು ಹೇಳಿದ್ರು. ತೇಲೋದು ನಿಜ, ಆದ್ರೆ ಮನಸ್ಸಿಗೆ ಬಂದಂಗಲ್ಲ. ಪೊರೆಯ ಒಳಮೈಗೆ ಆತುಕೊಂಡು ಆಕ್ಟಿನ್ ಅನ್ನೋ ಪ್ರೋಟೀನಿನ ಎಳೆಗಳ ಬೇಲಿ ಇದೆ. ಜಪಾನಿನ ಕುಸುಮಿ ಅನ್ನೋರ ತಂಡ ಒಂದೊಂದೇ ಅಣುವಿನ ಬೆನ್ನು ಹತ್ತಿ ನೋಡ್ತು. ಸ್ವಲ್ಪ ಹೊತ್ತು ಬೇಲಿಯ ಒಂದೇ ಆವರಣದೊಳಗೆ ಸುತ್ತಾಡುತ್ತೆ, ಆಮೇಲೆ ಪಕ್ಕದ್ದಕ್ಕೆ ಹಾರುತ್ತೆ."

"ಉಣಗೋಲು ಹಾರೋ ನಮ್ಮ ಕೆಂಪಿ ದನದ ಹಂಗೆ."

"ನಿನ್ನ ಕೆಂಪಿ ವಾಪಸ್ಸೂ ಬರಲ್ಲ. ಕೇಳು. ಹೊರಗಿಂದ ಸುದ್ದಿ ಬಂದಾಗ ಅದನ್ನ ಹಿಡಿಯೋ ಪ್ರೋಟೀನುಗಳು ಗುಂಪು ಕೂಡ್ತಾವೆ. ಗುಂಪಿಗೆ ಬೇಲಿ ದಾಟಕ್ಕಾಗಲ್ಲ, ಅಲ್ಲೇ ನಿಲ್ಲುತ್ತೆ. ಸುದ್ದಿ ಯಾವ ಕಡೆಯಿಂದ ಬಂತು ಅಂತ ಕೋಶಕ್ಕೆ ತಿಳಿಯೋದು ಅದರಿಂದ್ಲೇ ಅಂತ ಅವರ ವಾದ."

"ಬೇಲಿನಾದ್ರೂ ತೊಳೀಬಹುದಲ್ವಾ ಈ ಪುಡಿ?" ಶೀನಣ್ಣ ಪಟ್ಟು ಬಿಡಲಿಲ್ಲ.

"ಬೇಲಿ ಯಾರಾದ್ರೂ ತೊಳೀತಾರೇನೋ! ಅದೂ ಇದು ನಿಂತಲ್ಲಿ ನಿಲ್ಲೋ ಬೇಲಿ ಅಲ್ಲ, ಕಟ್ತಾ ಬಿಚ್ತಾ ಇರುತ್ತೆ. ಅದರ ನಿಜವಾದ ಚಂದ ಇರೋದು ಹಿಡಿತದಲ್ಲಿ. ಇಂಟೆಗ್ರಿನ್ ಅಂತ ಒಂದು ಪ್ರೋಟೀನಿದೆ, ಪೊರೆಯ ಆಚೆ ಕೋಶ ಕೂತ ನೆಲೆಯನ್ನ ಹಿಡ್ಕೊಂಡಿರುತ್ತೆ. ಈಚೆ ಅದರ ಬಾಲಕ್ಕೆ ಟ್ಯಾಲಿನ್ ಅನ್ನೋ ಇನ್ನೊಂದು ಪ್ರೋಟೀನು, ಟ್ಯಾಲಿನ್ನಿಗೆ ಆಕ್ಟಿನ್. ಜಗ್ಗಿದ್ರೆ ಟ್ಯಾಲಿನ್ನಿನ ಮಡಿಕೆ ಬಿಚ್ಚಿಕೊಳ್ಳುತ್ತೆ, ಆ ಸಂದಿಗೆ ವಿಂಕ್ಯುಲಿನ್ ಅನ್ನೋ ಮತ್ತೊಂದು ಪ್ರೋಟೀನು ಬಂದು ಸೇರಿ ಇನ್ನೂ ಬಿಗಿ ಮಾಡುತ್ತೆ. ಎಳೆದಷ್ಟೂ ಗಟ್ಟಿ. ನೀನಿನ್ನೂ ಇಲ್ಲೇ ಇದ್ದೀಯ, ಬದುಕು ಅಂತ ಕೋಶಕ್ಕೆ ಸುದ್ದಿ ಹೋಗೋದು ಆ ಹಿಡಿತದಿಂದ."

"ಕೈ ಬಿಟ್ರೆ?"

"ಬಹಳಷ್ಟು ಕೋಶ ತಾವಾಗೇ ಸಾಯ್ತಾವೆ. ಸುತ್ತ ಊಟ ಇದ್ರೂ. 1994ರಲ್ಲಿ ಅದಕ್ಕೆ ಅನೋಯ್ಕಿಸ್ ಅಂತ ಹೆಸರಿಟ್ರು. ನೆಲೆ ತಪ್ಪಿದ್ರೂ ಸಾಯದೆ ಊರೆಲ್ಲ ತಿರುಗೋದು ಕ್ಯಾನ್ಸರ್ ಕೋಶ."

ಗುಂಡಣ್ಣ ನಗಲಿಕ್ಕೆ ಬಾಯಿ ತೆಗೆದವನು ಶೀನಣ್ಣನ ಮುಖ ನೋಡಿ ಬನ್ಸ್ ಮುರಿದ.

"ಇದನ್ನ ಮಾರೋದು ನನ್ನ ತಂಗಿ ಮಗ," ಅಂದ ಶೀನಣ್ಣ. "ಬೆಂಗಳೂರಲ್ಲಿ ಕೆಲಸ ಹೋಯ್ತು ನೋಡಿ, ಇದಕ್ಕೆ ಸೇರ್ಕೊಂಡ. ಡಬ್ಬಿ ಖಾಲಿ ಆಗೋ ಹೊತ್ತಿಗೆ ಸರಿಯಾಗಿ ಬರ್ತಾನೆ. ಒಂದು ರಾತ್ರಿ ಉಳೀತಾನೆ. ಇವಳು ಕೊಟ್ಟೆ ಕಡುಬು ಮಾಡ್ತಾಳೆ. ನಮ್ಮ ಹುಡುಗರದ್ದು ಬರೀ ಫೋನು."

"ಕುಡೀತೀಯೇನೋ ಇದನ್ನ?"

"ಕಹಿ. ಬಾಳೆ ಬುಡಕ್ಕೆ ಹಾಕ್ತೀನಿ."

ಮೇಷ್ಟ್ರು ಕನ್ನಡಕ ಏರಿಸಿ ಡಬ್ಬಿ ತಿರುಗಿಸಿ ಓದಿದರು. ದಿನಕ್ಕೆ ಒಂದು ಚಮಚ, ಮೂವತ್ತು ದಿನಕ್ಕೆ.

"ಎರಡು ಚಮಚ ಹಾಕೋ," ಅಂದರು. "ಹದಿನೈದು ದಿನಕ್ಕೇ ಖಾಲಿ ಆಗುತ್ತೆ."